ಬೆರಾಂಜೆರಳ ಬೋಟಿಗೆ ಉಪ್ಪು

ಲಿಯೋನ್, ನವೆಂಬರ್ ೧೯

ಪ್ರೀತಿಯ ತಂಗಿ ಉರ್ಸುಲ್‌ಗೆ ಅಕ್ಕನ ಮುತ್ತುಗಳು.

ಮೊದಲು ಖರ್ಚಿನ ಲೆಕ್ಕ ಒಪ್ಪಿಸುತ್ತೇನೆ, ಆಮೇಲೆ ಬೈಯುವೆಯಂತೆ. ಆನ್ಸಿಯಿಂದ ರೈಲಿಗೆ ಮೂವತ್ತು ಯೂರೋ, ನದಿ ಕಾಣದಿದ್ದರೂ ನದಿಯ ದರ ಹಾಕಿದ ಕೋಣೆಗೆ ಮುನ್ನೂರು, ಕ್ರ್ವಾ-ರೂಸ್ ದಿಣ್ಣೆಯ ಮೆಟ್ಟಿಲಲ್ಲಿ ಕಿತ್ತುಹೋದ ಬೂಟಿನ ಹಿಮ್ಮಡಿಗೆ ಹನ್ನೆರಡು. ಊಟಕ್ಕೆ ಎಷ್ಟೆಂದು ಕೇಳಬೇಡ. ಎರಡೇ ದಿನವೆಂದು ಹೊರಟವಳು ಇಲ್ಲಿಯವರೆಗೆ ಒಂದು ಸಾಲೂ ಬರೆಯಲಿಲ್ಲ. ಕುಳಿತರೆ ತಾನೆ ಬರೆಯುವುದು.

ಬಂದ ಕೆಲಸ ನಿನಗೆ ಗೊತ್ತು. ಇಲ್ಲಿನ ನನ್ನ ಖಾನಾವಳಿಯನ್ನು ಬೆರಾಂಜೆರಳಿಗೆ ಮಾರುವಾಗ, ಮನಸ್ಸು ಬದಲಾದರೆ ಅದೇ ಬೆಲೆಗೆ ವಾಪಸು ಕೊಳ್ಳುವ ಹಕ್ಕು ಇಟ್ಟುಕೊಂಡಿದ್ದೆ. ಗಡುವು ಈ ತಿಂಗಳ ಕೊನೆ. ನನ್ನ ಕೈಕೆಳಗೆ ಪಾತ್ರೆ ತೊಳೆದು ಮೇಲೆ ಬಂದ ಹುಡುಗಿ ಹೇಗೆ ನಡೆಸುತ್ತಿದ್ದಾಳೆಂದು ನೋಡುವುದು, ಸರಿಯಿಲ್ಲದಿದ್ದರೆ ಕಿತ್ತುಕೊಳ್ಳುವುದು.

ಆದರೆ ನೇರ ಅಲ್ಲಿಗೆ ಹೋಗಲು ಕಾಲೇ ಬರಲಿಲ್ಲ. ಸೋನ್ ನದಿಯಿಂದ ರೋನ್ ನದಿಗೆ, ಅಲ್ಲಿಂದ ಮತ್ತೆ ದಿಣ್ಣೆಗೆ, ಮರಿ ಕಳಕೊಂಡ ಬೆಕ್ಕಿನ ಹಾಗೆ ಸುತ್ತಿದೆ. ಒಂದು ಕಡೆ ಸಾಸೇಜ್ ತರಿಸಿ ಅರ್ಧಕ್ಕೆ ಎದ್ದೆ, ಇನ್ನೊಂದು ಕಡೆ ಸಿಹಿ ಬಾದಾಮಿ ಟಾರ್ಟ್. ಮಾರುಕಟ್ಟೆಯ ಚೀಸಿನವಳು ಸೊಂಟದ ಮೇಲೆ ಕೈಯಿಟ್ಟು, "ಏನಮ್ಮಾ, ಆಗ್ಲಿಂದ ರುಚಿ ನೋಡ್ತಾನೇ ಇದೀರಿ. ಕೊಳ್ತೀರೋ, ಇಲ್ಲ ಅದನ್ನ ಮದುವೆ ಆಗ್ತೀರೋ?" ಅಂದಳು.

ಕೊನೆಗೆ ನಿನ್ನೆ ಬೆಳಗ್ಗೆ ಒಳಗೆ ಕಾಲಿಟ್ಟೆ. ಹಳೇ ಗಿರಾಕಿಗಳು ಬೆಳಗಿನ ಬೋಟಿಗೂ ವೈನಿಗೂ ಕೂತಿದ್ದರು. ರೇಷ್ಮೆಗೆ ಬಣ್ಣ ಹಾಕುತ್ತಿದ್ದ ಮುದುಕ ಆಂತೆಲ್ಮ್ ಕುರ್ಚಿ ಎಳೆದು ಕೊಟ್ಟ. "ಬನ್ನಿ ಅಮ್ಮ. ನೀವು ಹೋಗ್ಬಿಟ್ರಿ ಅಂತ ಯಾರೋ ಅಂದ್ರು. ಇಲ್ಲ, ಇನ್ನೂ ದೇವರ ಹತ್ರ ಚೌಕಾಸಿ ಮಾಡ್ತಿರ್ತಾರೆ ಅಂದೆ ನಾನು."

ಬೆರಾಂಜೆರ್ ಅಡುಗೆಮನೆಯಿಂದ ಬಂದು ಕೆನ್ನೆಗೆ ಮುತ್ತಿಟ್ಟಳು. ಕೈ ತಣ್ಣಗಿತ್ತು. ಏಕೆ ಬಂದೆನೆಂದು ಅವಳಿಗೂ ಗೊತ್ತು. ನಮ್ಮ ಖಾನಾವಳಿಗಳಲ್ಲಿ ಒಡತಿಯೇ ಎಲ್ಲರಿಗೂ ಅಮ್ಮ, ಆ ಅಮ್ಮ ರುಚಿ ನೋಡದೆ ಮೊದಲ ತಟ್ಟೆ ಹೊರಗೆ ಹೋಗುವುದಿಲ್ಲವಲ್ಲ, ಅವಳು ಎಲ್ಲರೆದುರು ಸೌಟನ್ನು ನನ್ನ ಮುಂದೆಯೇ ಹಿಡಿದಳು.

"ನೀವಿರೋವಾಗ ನಾನು ನೋಡೋದಾ? ಹೇಳಿ, ಏನು ಕಮ್ಮಿ?"

ಎಲ್ಲರ ಕಣ್ಣೂ ನನ್ನ ಬಾಯ ಮೇಲೆ. "ಉಪ್ಪು," ಅಂದೆ. ಅವಳು ನನ್ನನ್ನೊಮ್ಮೆ ನೋಡಿ, ಹಾಕಿದಳು. "ಇನ್ನಷ್ಟು," ಅಂದೆ. ಅದನ್ನೂ ಹಾಕಿದಳು.

ಆಂತೆಲ್ಮ್ ಒಂದು ತುತ್ತು ತಿಂದು ನೀರು ಕೇಳಿದ. ಆ ಮನುಷ್ಯ ನೀರು ಕೇಳಿದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. "ಯಾರ ಮೇಲೆ ಮನಸ್ಸಾಗಿದೆ ಬೆರಾಂಜೆರ್? ಪ್ರೀತಿಯಲ್ಲಿ ಬಿದ್ದವರ ಕೈ ಉಪ್ಪಲ್ಲೇ ಗೊತ್ತಾಗತ್ತೆ," ಅಂದ. ಎಲ್ಲರೂ ಮೇಜು ಬಡಿದು ನಕ್ಕರು. ಅವಳು ಕೆಂಪಾಗಿ, "ಕೈ ತಪ್ಪಿತು, ಬೇರೆ ಮಾಡಿಕೊಡ್ತೀನಿ," ಎಂದು ತಟ್ಟೆಗಳನ್ನು ಎತ್ತಿಕೊಂಡು ಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನವೇ ನೋಟರಿಯ ಹತ್ತಿರ ಹೋಗಿ ಹಕ್ಕು ಬಿಟ್ಟುಕೊಟ್ಟೆ. "ಯೋಚನೆ ಮಾಡಿದೀರಾ ಮೇಡಂ? ಈಗ ಅದರ ಬೆಲೆ ಎರಡರಷ್ಟಾಗಿದೆ," ಅಂದ ಅವನು. ಹುಡುಗಿ ಚೆನ್ನಾಗಿ ನಡೆಸುತ್ತಿದ್ದಾಳೆ ಅಂದೆ. ನಿನಗೂ ಅಷ್ಟೇ ಹೇಳಿ ಮುಗಿಸೋಣವೆಂದಿದ್ದೆ.

ಶನಿವಾರ ಬರುತ್ತೇನೆ. ಈ ಚಳಿಯಲ್ಲಿ ಸರೋವರದ ಕಡೆ ಹೋಗಬೇಡ. ದೇವರು ನಿನ್ನ ಮೊಣಕಾಲನ್ನು ಕಾಯಲಿ.

ನಿನ್ನ ಅಕ್ಕ,
ಜೋಸೆಟ್

ತಾ.ಕ. ಲಕೋಟೆ ಅಂಟಿಸುವ ಮುಂಚೆ ಹೇಳಿಬಿಡುತ್ತೇನೆ. ಜನವರಿಯ ಜ್ವರದಲ್ಲಿ ಹೋದ ರುಚಿ, ವಾಸನೆ ವಾಪಸು ಬಂತೆಂದು ನಿನಗೆ ಹೇಳಿದೆನಲ್ಲ, ಬಂದಿಲ್ಲ. ನಿನ್ನ ಸೂಪನ್ನು ಹೊಗಳಿದ್ದೆಲ್ಲ ನಿನ್ನ ಮುಖ ನೋಡಿ. ಈ ಊರಿನ ಊಟ ನಾಲಿಗೆಗೆ ಬಿದ್ದರಾದರೂ ಬಂದೀತೆಂದು ಹೊರಟೆ. ಆ ಬೋಟಿ ಬಾಯಲ್ಲಿ ನೆನೆದ ಬಟ್ಟೆಯ ಹಾಗಿತ್ತು. ಏನಾದರೂ ಹೇಳಬೇಕಲ್ಲ ಅಂತ ಉಪ್ಪು ಅಂದೆ. ಹೊರಡುವಾಗ ಬೆರಾಂಜೆರ್ ಕೋಟು ತೊಡಿಸುತ್ತ, ಯಾರಿಗೂ ಕೇಳಿಸದಂತೆ, "ಯಾವಾಗಿಂದ ಅಮ್ಮ?" ಎಂದಳು. ಹೇಳಿದೆ.

ಅವಳಿಗೆ ಖಾನಾವಳಿ ಸಿಕ್ಕಿತು, ಬಾಗಿಲ ಮೇಲಿನ ನನ್ನ ಹೆಸರೂ ಸಿಕ್ಕಿತು. ನೋಟರಿಗೆ ಅವನ ಶುಲ್ಕ. ಆಂತೆಲ್ಮ್‌ಗೆ ವರ್ಷವಿಡೀ ಹೇಳಿಕೊಂಡು ನಗಲು ಒಂದು ಕಥೆ. ನನಗೆ, ಇನ್ನು ಸುಳ್ಳು ಹೇಳಬೇಕಿಲ್ಲದ ಜನ ಇಬ್ಬರು.