ಬೆಲ್ಟಿನ ಹತ್ತಿರ ಮತ್ತೆ

ಮಾರ್ಚ್ 3, ಸೋಮವಾರ

ಮತ್ತೆ ಡ್ಯೂಟಿ. ನಗರಸಭೆಯ ಕಸ ವಿಂಗಡಣೆ ಘಟಕ — ಅದೇ ವಾಸನೆ, ಅದೇ ಗದ್ದಲ. ಬಲಗೈಯಲ್ಲಿ ಎರಡು ಬೆರಳು ಕಡಿಮೆ, ಅಷ್ಟೇ. ಸೂಪರ್‌ವೈಸರ್ ಫೋನಿನ ಮುಂದೆ ಕೂರಿಸಿದರು. “ಇನ್ಮೇಲೆ ಕಂಪ್ಲೇಂಟ್ ಬರ್ಕೊಳ್ಳಿ ಸಾಕು. ರಿಪೇರಿ ಗೋಜು ಬೇಡ.” ದಿನವಿಡೀ ಒಂದೇ ಪಾಠ: ನಮ್ಮ ಬೀದಿಗೆ ಗಾಡಿ ಬಂದಿಲ್ಲ. ಹೊರಗೆ ಕಸ ಸಾಗಿಸುವ ಬೆಲ್ಟ್ ಕಿರುಗುಟ್ಟುತ್ತಿತ್ತು. ಬೇರಿಂಗ್ ಒಣಗಿದೆ. ಯಾರಿಗೂ ಕೇಳಿಸುತ್ತಿಲ್ಲವೇ?

ಮಾರ್ಚ್ 5

ಬೆಲ್ಟ್ ಆಪರೇಟರ್ ನನ್ನ ಮುಖ ನೋಡುವುದಿಲ್ಲ. ಅಂದು ರಿಪೇರಿಗೆಂದು ನಾನು ಬೆಲ್ಟಿನ ರೋಲರ್‌ಗೆ ಕೈ ಹಾಕಿದ್ದಾಗ ಸ್ವಿಚ್ ಒತ್ತಿದವರು ಅವರೇ. ನನ್ನ ಕೆಲಸ ಮುಗಿಯಿತೆಂದುಕೊಂಡಿದ್ದರು. ಇಂದು ನನ್ನನ್ನು ಕಂಡು ಅರ್ಧ ಕುಡಿದ ಟೀ ಬಿಟ್ಟು ಎದ್ದು ಹೋದರು. ಸಿಟ್ಟು ಬರಬೇಕಿತ್ತು. ಬರಲಿಲ್ಲ...

ಮಾರ್ಚ್ 9, ಭಾನುವಾರ

ಎಡಗೈಯಲ್ಲಿ ಸ್ಪ್ಯಾನರ್ ಹಿಡಿಯುವ ಅಭ್ಯಾಸ. ಮನೆಯ ನಟ್ಟುಗಳನ್ನೆಲ್ಲ ಬಿಚ್ಚಿ ಬಿಗಿದದ್ದಾಯಿತು. ಮಂಚದ್ದು ಸರಿಯಾಗಿ ಕೂತಿರಲಿಲ್ಲ. ನಮ್ಮ ಯಜಮಾನರು ಕೂತರು — ಧಡಾರ್!

“ಆ ಮೇಜಿನ ಕೆಲಸಾನೇ ಒಪ್ಕೋಬಾರ್ದಾ? ಸೊಂಟ ಆದ್ರೂ ಉಳಿಯುತ್ತೆ... ನಂದು.”

ಅತ್ತೆ ಬಾಗಿಲಲ್ಲೇ ನಿಂತು ನಕ್ಕರು. “ಸುಮ್ನಿರೋ. ಅವಳ ಕೈ ಅವಳಿಗೆ ಗೊತ್ತು.” ಆಮೇಲೆ ನನ್ನತ್ತ ತಿರುಗಿ, “ಇನ್ನೊಂದ್ಸಲ ಬಿಗಿ.”

ಬಿಗಿದೆ.

ಮಾರ್ಚ್ 17

ಬೀಗವೊಂದನ್ನು ಕೊಂಡು ತಂದು ಸೂಪರ್‌ವೈಸರ್ ಮುಂದಿಟ್ಟೆ. “ಇದನ್ನ ಸ್ವಿಚ್‌ಗೆ ಹಾಕಿ, ಕೀ ಜೇಬಲ್ಲಿಟ್ಕೊಂಡೇ ಕೆಲಸ ಮಾಡ್ತೀನಿ. ಒಂದು ಚಾನ್ಸ್ ಕೊಡಿ ಸಾರ್.”

“ನೋಡೋಣ.”

ಅವರ ‘ನೋಡೋಣ’ ಎಂದರೆ ‘ಇಲ್ಲ’. ನಾಳೆಯೂ ಕೇಳುತ್ತೇನೆ. ನಾಡಿದ್ದೂ.

ಮಾರ್ಚ್ 20, ಸಂಜೆ

ಉಗುರಿನಲ್ಲಿ ಇನ್ನೂ ಗ್ರೀಸ್. ಬರೆದುಬಿಡುತ್ತೇನೆ.

ಬೆಲ್ಟ್ ನಿಂತಿತು. ಹಳೇ ಹೊದಿಕೆಯೊಂದು ರೋಲರ್‌ಗೆ ಸುತ್ತಿಕೊಂಡಿತ್ತು. ಇನ್ನೊಬ್ಬ ಟೆಕ್ನಿಷಿಯನ್ ರಜೆ. ಹೊರಗೆ ತುಂಬಿದ ಲಾರಿಗಳ ಸಾಲು. ಸೂಪರ್‌ವೈಸರ್ ನನ್ನ ಮೇಜಿನ ಬಳಿ ಬಂದು ಕೆಮ್ಮಿದರು. “ಆಗುತ್ತಾ?”

ಎದ್ದೆ.

ರೋಲರ್ ಕಂಡದ್ದೇ ಇಲ್ಲದ ಬೆರಳು ಉರಿಯಿತು. ಕಾಲು ಹಿಂದೆ ಸರಿಯಲು ನೋಡಿತು, ಬಿಡಲಿಲ್ಲ. ಸ್ವಿಚ್‌ಗೆ ಬೀಗ ಹಾಕಿದೆ. ಆಪರೇಟರ್ ಬಂದು ಬೀಗ ಜಗ್ಗಿ ನೋಡಿದರು. ಮತ್ತೆ ಜಗ್ಗಿದರು.

“ಕೀ ಜೇಬಲ್ಲಿದೆಯಾ ಮೇಡಂ?”

“ಇದೆ.”

“ತೋರ್ಸಿ.”

ತೋರಿಸಿದೆ. ಸ್ವಿಚ್‌ಗೆ ಬೆನ್ನು ಕೊಟ್ಟು ಅಡ್ಡ ನಿಂತರು. ಹೊದಿಕೆ ಕತ್ತರಿಸಿ ಕತ್ತರಿಸಿ ಎಳೆದೆ. ಸ್ಪ್ಯಾನರ್ ಜಾರಿತು, ಬೈದೆ, ಮತ್ತೆ ಹಿಡಿದೆ. ಕೊನೆಯ ನಟ್ ಬಿಗಿದು ಹೊರಬಂದು ಬೀಗ ತೆಗೆದೆ.

“ಆನ್ ಮಾಡಿ.”

ಅವರ ಕೈ ಮುಂದೆ ಬರಲಿಲ್ಲ. “ನೀವೇ ಒತ್ತಿ ಮೇಡಂ. ನನ್ನ ಕೈಲಾಗಲ್ಲ.”

“ಆಗುತ್ತೆ. ನೀವೇ ಒತ್ತಬೇಕು.” ಎರಡೂ ಕೈ ಮೇಲೆತ್ತಿದೆ. “ನೋಡಿ. ಎಂಟೂ ಹೊರಗಿವೆ.”

ಎಣಿಸಿದರು. ನಿಜವಾಗಿ, ತುಟಿ ಅಲ್ಲಾಡಿಸುತ್ತಾ ಎಣಿಸಿದರು. ಒತ್ತಿದರು.

ಬೆಲ್ಟ್ ಹೊರಟಿತು. ಅವರು ಕಣ್ಣೊರೆಸಿಕೊಂಡರು. ನಾನು ಲಾರಿಗಳತ್ತ ನೋಡಿದೆ.

ಮಾರ್ಚ್ 21, ಬೆಳಿಗ್ಗೆ

ಕೈ ಊದಿದೆ. ಇರಲಿ. ಸೂಪರ್‌ವೈಸರ್ ನಿನ್ನೆ ಹೊರಡುವಾಗ ಏನೋ ಹೇಳಬೇಕೆಂದು... ಫೋನ್. ಆಪರೇಟರ್. ಪ್ಲಾಸ್ಟಿಕ್ ಒತ್ತುವ ಮೆಷಿನ್ ನಿಂತಿದೆಯಂತೆ. “ನೀವೇ ಬರ್ತೀರಲ್ಲ ಮೇಡಂ?”

ಹೂಂ ಅಂದೆ. ತಿಂಡಿ ಆಮೇಲೆ. ಸೂಪರ್‌ವೈಸರ್ ಹೇಳಬೇಕೆಂದಿದ್ದುದು ಏನೆಂದರೆ... ಬಂದು ಬರೆಯುತ್ತೇನೆ.