ಸೊಕ್ಕೆಯ ಸೋಮವಾರದ ಮಳೆ

ಅವ್ವನಿಲ್ಲದ ನನ್ನನ್ನು ಸಾಕಿದ ದೊಡ್ಡವ್ವನಿಗೆ,

ನಿನಗೆ ಓದು ಬಾರದು. ಆದರೂ ಈಗ ನೀನಿರುವಲ್ಲಿ ಓದಿ ಹೇಳುವವರು ಯಾರಾದರೂ ಇದ್ದಾರು. ಕೂತುಕೊಂಡೇ ಕೇಳು. ನಾನು ಇದನ್ನು ನಿಂತೇ ಕೇಳಬೇಕಾಯಿತು.

ಸೊಕ್ಕೆಯ ಶಾಲೆ ಬಯಲಿನಲ್ಲಿ ಮಳೆ ಅಳೆಯುವ ಡಬ್ಬಿ ನೆಟ್ಟ ದಿನ ನೆನಪಿದೆಯಾ? ಮೇಲೆ ಆಲಿಕೆ, ಒಳಗೆ ಬಾಟಲಿ. ಮೇಸ್ತ್ರಿ ಅದಕ್ಕೆ ಕುಂಕುಮವಿಟ್ಟು ಕಾಯಿ ಒಡೆದ. ನೀನು ಸೆರಗು ಹೊದ್ದು ಕೈಮುಗಿದು, "ಇದು ಏನ್ ಮಾಡ್ತೈತೋ?" ಎಂದು ಕೇಳಿದೆ.

"ಮೋಡ ಸುರಿದದ್ದು, ಬಾಟ್ಲಿಗೆ ಇಳಿದದ್ದು, ನಾವು ಅಳೆದದ್ದು!" ಎಂದೆ ನಾನು.

"ನಿನ್ನ ಪ್ರಾಸ ತಟ್ಟಿ ರೊಟ್ಟಿ ಮಾಡಾಕೆ ಬರಾಕಿಲ್ಲ, ತಗೊ" ಎಂದು ನಕ್ಕಿದ್ದೆ ನೀನು.

ಈ ಸಲದ ಮುಂಗಾರು ನೀನೂ ಕಂಡದ್ದೇ. ಜೋಳ ಮೊಣಕಾಲುದ್ದ ಬಂದು ಸುರುಳಿ ಸುತ್ತಿಕೊಂಡಿತು. ಊರೂರಿನ ಮಳೆ ಅಂಕಿ ಕೂಡಿಸಿ, ಎಲ್ಲೆಲ್ಲಿ ಬರ ಎಂದು ಜಗಳೂರಿನ ಕಚೇರಿಯಲ್ಲಿ ಪಟ್ಟಿ ಮಾಡುವವನು ನಾನು. ಸೊಕ್ಕೆಯ ಅಂಕಿ ಮಾತ್ರ ವಿಚಿತ್ರ: ಸೋಮವಾರ ಸೋಮವಾರ ಮಳೆ! "ಏನ್ರೀ, ನಿಮ್ಮೂರಿಗೆ ಶಿವ ಡ್ಯೂಟಿ ಮೇಲೆ ಬರ್ತಾನೇನ್ರೀ?" ಎಂದು ಸಾಹೇಬರು ನಕ್ಕು ಸೊಕ್ಕೆಯನ್ನು ಪಟ್ಟಿಯಿಂದ ತೆಗೆದರು. "ಊರು ಒಣಗೈತೆ ಸಾರ್, ಕಣ್ಣಾರೆ ಕಂಡೀನಿ" ಎಂದೆ. "ಕಣ್ಣು ಬ್ಯಾಡ್ರೀ, ಅಂಕಿ ತೋರ್ಸ್ರೀ" ಎಂದರು.

ನೀನು ನಮ್ಮ ಹಸು ಕೆಂಪಿಯನ್ನು ಹೊಡೆದುಕೊಂಡು, ಬರದ ಪಟ್ಟಿಯ ಊರುಗಳ ದನಕ್ಕೆ ಮೇವು ಕೊಡುವ ಬಿಳಿಚೋಡಿನ ಗೋಶಾಲೆಗೆ ಹೋದ ದಿನ ಅಲ್ಲಿ ಹೊನ್ನಾಳಿ ಕಡೆಯ ಭತ್ತದ ಹುಲ್ಲು ರಾಶಿ ಬಿದ್ದಿತ್ತಂತೆ. ಬಾಗಿಲಲ್ಲಿದ್ದವನು, "ಸೊಕ್ಕೇನಾ? ನಿಮ್ಮೂರಾಗೆ ಮಳೆ ಆಗೈತಲ್ಲವ್ವ, ನಡಿ" ಎಂದನಂತೆ. "ಯಾರ ಹೊಲಕ್ಕೆ ಆತೋ ಮಾರಾಯ, ನಾವು ಒಂದು ಹನಿ ಕಂಡಿಲ್ಲ!" ಎಂದೆಯಂತೆ ನೀನು. ಹಸಿದ ಹಸುವನ್ನು ಹಿಂದಕ್ಕೆ ನಡೆಸಿಕೊಂಡು ಬಂದೆ. ಅದೇ ವಾರ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

ನೀನು ಹೋದ ಮೇಲೂ ಸೋಮವಾರದ ಮಳೆ ನಿಲ್ಲಲಿಲ್ಲ. ತಡೆಯಲಾರದೆ ಒಂದು ಸೋಮವಾರ ಮೊದಲ ಬಸ್ಸಿಗೇ ಸೊಕ್ಕೆಗೆ ಬಂದೆ. ಕಾಣುವುದೇನು! ಪಕ್ಕದ ಮನೆಯ ರುದ್ರವ್ವ ಮಿಂದು ಮಡಿಯುಟ್ಟು, ಆ ಆಲಿಕೆಯೊಳಕ್ಕೆ ಗಿಂಡಿಯಿಂದ ನೀರು ಬಿಡುತ್ತಿದ್ದಾಳೆ!

"ರುದ್ರವ್ವಾ! ಏನ್ ಮಾಡ್ತಿದ್ದೀಯ?"

"ಕೂಗಬ್ಯಾಡಣ್ಣ, ಅಭಿಷೇಕದ ಟೈಮು. ಕಾಯಿ ಒಡ್ದು ಕೂರ್ಸಿದ ಮ್ಯಾಲೆ ಒಣಗಾಕೆ ಬಿಡಬಾರ್ದು ಅಂತ ನಿಮ್ಮ ದೊಡ್ಡವ್ವನೇ ಶುರು ಮಾಡಿದ್ದು. ನಮಗೆ ಕುಡಿಯಾಕೆ ಇಲ್ದಿದ್ರೂ ಇದಕ್ಕೊಂದು ಗಿಂಡಿ ಐತೆ."

ಅಳೆಯಲು ಬರುವ ಗ್ರಾಮಲೆಕ್ಕಿಗರಿಗೆ ಕುಂಕುಮ ಕಂಡಿರಲಿಲ್ಲವೇ? ಕಂಡಿತ್ತು. ಹಿಟ್ಟಿನ ಗಿರಣಿಗೂ ಕುಂಕುಮ ಹಚ್ಚುವ ಊರಿನಲ್ಲಿ ಅದೇನು ಹೊಸದು? ಬಾಟಲಿಯಲ್ಲಿದ್ದುದನ್ನು ಅಳೆದರು, ಬರೆದರು. ಹಾಗಾದರೆ ದೊಡ್ಡವ್ವ, ಕೆಂಪಿಯನ್ನು ಹಿಂದಕ್ಕೆ ಕಳಿಸಿದ ಆ ಮಳೆ... ನಿನ್ನ ಕೈಯಿಂದಲೇ ಬಿದ್ದದ್ದು.

ಹೇಳಿದರೆ ಸರಕಾರಿ ಡಬ್ಬಿಗೆ ಕೈ ಹಾಕಿದರೆಂದು ಹೆಂಗಸರ ಮೇಲೆ ಕೇಸು ಬಿದ್ದೀತು, ಹೇಳದಿದ್ದರೆ ದನ ಸತ್ತಾವು. ಮುಂದಿನ ಸೋಮವಾರ ಸಾಹೇಬರನ್ನೇ ಜೀಪಿನಲ್ಲಿ ಕರೆತಂದೆ. ರುದ್ರವ್ವ ಅವರಿಗೂ ತೀರ್ಥ ಕೊಟ್ಟಳು. ಸಾಹೇಬರು ಆಲಿಕೆಯ ಹಾಗೆಯೇ ಬಾಯಿ ತೆರೆದು ನಿಂತರು. ಆಮೇಲೆ ಮೆಲ್ಲಗೆ ಶೂ ಬಿಚ್ಚಿದರು. ಕಚೇರಿಗೆ ಹೋಗಿ ಸೋಮವಾರಗಳನ್ನೆಲ್ಲ ಹೊಡೆದುಹಾಕಿದರು.

ಸೊಕ್ಕೆ ಈಗ ಬರದ ಪಟ್ಟಿಯಲ್ಲಿದೆ. ಕೆಂಪಿ ಬಿಳಿಚೋಡಿನಲ್ಲಿ ಹೊನ್ನಾಳಿ ಹುಲ್ಲು ಮೇಯುತ್ತಿದೆ. "ದೇವ್ರನ್ನ ಒಣಗಿಸ್ತೀಯೇನಣ್ಣ?" ಎಂದು ರುದ್ರವ್ವ ಜಗಳಕ್ಕೆ ಬಂದಳು. ಡಬ್ಬಿಯ ಸುತ್ತ ತಂತಿ ಬೇಲಿ ಹಾಕಿಸಿ, ಅದರಾಚೆ ಒಂದು ಕಲ್ಲು ನೆಟ್ಟುಕೊಟ್ಟಿದ್ದೇನೆ, ಅಭಿಷೇಕ ಈಗ ಅದಕ್ಕೆ.

ಅಳೆದ ಮೇಲೆ ಬಾಟಲಿಯ ನೀರು ಚೆಲ್ಲಬೇಕು ಎಂಬುದು ನಮ್ಮ ನಿಯಮ. ಎಲ್ಲಿ ಚೆಲ್ಲಬೇಕು ಎಂದು ಯಾರೂ ಬರೆದಿಲ್ಲ. ನಿಜವಾದ ಮೊದಲ ಮಳೆ ಬಿದ್ದ ದಿನ ನಾನೇ ಬಂದು ಅಳೆದು, ಅದನ್ನು ನಿನ್ನ ಸಮಾಧಿಯ ಮೇಲೆ ಸುರಿಯುತ್ತೇನೆ.