ಹದಿನಾಲ್ಕನೇ ಟೆಂಟ್ ಜಾಗಕ್ಕೆ ಗೈರುಹಾಜರಾದ ನಮ್ಮ ಮಾವ

ಮಾನ್ಯ ಬುಕಿಂಗ್ ಅಧಿಕಾರಿಗಳೇ,

ಬೆಟ್ಟದ ಮೇಲಿನ ಸರೋವರದ ದಡದಲ್ಲಿ ಟೆಂಟ್ ಹಾಕಲು ಜಾಗ ಹಂಚುವ ಕುರ್ಚಿ ತಮ್ಮದು. ಆ ಕುರ್ಚಿಯಿಂದ ಕಳೆದ ವಾರ ನಮ್ಮ ಮಾವನವರ ಹೆಸರಿಗೆ ಒಂದು ಪತ್ರ ಬಂತು. ನಿಗದಿತ ದಿನ ಅವರು ಖುದ್ದು ಹಾಜರಾಗದ ಕಾರಣ ಇನ್ನೆರಡು ವರ್ಷ ಅವರಿಗೆ ಜಾಗ ಕೊಡುವುದಿಲ್ಲವಂತೆ. ಮಾವನವರು ತೀರಿಕೊಂಡು ಏಳು ತಿಂಗಳಾಯಿತು. ಎರಡು ವರ್ಷ ಕಳೆದ ಮೇಲೆ ಅವರು ಮತ್ತೆ ಅರ್ಹರಾಗುತ್ತಾರೆ ಎಂಬ ತಮ್ಮ ಔದಾರ್ಯಕ್ಕೆ ನಾವು ಕುಟುಂಬ ಸಮೇತ ಋಣಿಗಳು.

ಗೈರುಹಾಜರಾದ ವ್ಯಕ್ತಿ ಎಂಥವರೆಂದು ತಮಗೆ ಗೊತ್ತಿರಲಿ. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ದುಡಿಮೆಯ ಹಗಲುಗಳನ್ನೆಲ್ಲ ನಾಲ್ಕು ಗೋಡೆಗಳ ನಡುವಿನ ಕತ್ತಲ ಕೂಪದಲ್ಲಿ ಕಳೆದವರು. ನಿವೃತ್ತರಾದ ಮೇಲೆ ಅವರಿಗೆ ಇದ್ದದ್ದು ಒಂದೇ ಆಸೆ: ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಆ ಸರೋವರಕ್ಕೆ ಹೋಗಬೇಕು. ಹನ್ನೊಂದು ತಿಂಗಳು ಮೊದಲೇ, ಬೆಳಗ್ಗೆ ಎಂಟಕ್ಕೆ ಸರಿಯಾಗಿ ಬುಕ್ ಮಾಡಬೇಕೆಂಬ ತಮ್ಮ ನಿಯಮಕ್ಕೆ ತಲೆಬಾಗಿ ಏಳಕ್ಕೇ ಫೋನ್ ಹಿಡಿದು ಕುಳಿತಿದ್ದರು. ಹದಿನಾಲ್ಕನೇ ಜಾಗ ಸಿಕ್ಕಿತು. ನೀರಿಗೆ ಇಪ್ಪತ್ತು ಹೆಜ್ಜೆ, ಶೌಚಾಲಯಕ್ಕೆ ನಲವತ್ತು. ನಮ್ಮ ಅತ್ತೆಯ ಮಂಡಿನೋವನ್ನು ಅಳೆದೇ ಅವರು ಆ ಜಾಗ ಆರಿಸಿದ್ದು. ಅತ್ತೆ, ಮಾವ, ನಾನು, ನನ್ನ ಗಂಡ, ಮಗಳು, ಅಳಿಯ, ಹೀಗೆ ಆರು ಹೆಸರು ತುಂಬಿದರು.

ಹಳೆಯ ಟೆಂಟೊಂದನ್ನು ತಂದು ನಡುಮನೆಯಲ್ಲೇ ಕಟ್ಟಿ ಅಭ್ಯಾಸವೂ ನಡೆಯಿತು. ಒಂದು ಹಗ್ಗ ಬೀರುವಿನ ಹಿಡಿಗೆ, ಇನ್ನೊಂದು ಕಿಟಕಿಗೆ. ಅದರ ಹರಿದ ಮೂಲೆಯನ್ನು ನಾನೇ ಹೊಲಿದೆ. ಗಾಡಿಗಳ ಸೀಟ್ ಕವರ್ ಹೊಲಿಯುವುದು ನನ್ನ ಕಸುಬು, ದಪ್ಪ ಬಟ್ಟೆ ನನಗೆ ಹೊಸದಲ್ಲ.

"ಈ ವಯಸ್ಸಲ್ಲಿ ನನ್ನ ಅಡುಗೆಮನೆಗೆ ನಾನೇ ನುಸುಳಿ ಹೋಗೋ ಹಾಗಾಯ್ತಲ್ಲ" ಎಂದು ಅತ್ತೆ ಗೊಣಗಿದರು.

"ಅಲ್ಲಿ ನೀರಲ್ಲಿ ಕಾಲಿಟ್ಕೊಂಡು ಕೂತಾಗ ಇದೆಲ್ಲ ಮರ್ತು ಹೋಗುತ್ತೆ, ಸುಮ್ನಿರು" ಎಂದರು ಮಾವ.

ಬುಕಿಂಗ್ ಆಗಿ ಐದು ತಿಂಗಳಿಗೆ, ಒಂದು ಮಂಗಳವಾರ, ಮೆಟ್ಟಿಲು ಹತ್ತುತ್ತಿದ್ದವರು ಅಲ್ಲೇ ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಮರುತಿಂಗಳು ಮಗಳಿಗೆ ಹೆಣ್ಣುಮಗು ಹುಟ್ಟಿತು. ತಮ್ಮ ನಿಯಮದ ಪ್ರಕಾರ ಇವೆರಡೂ ಹನ್ನೊಂದು ತಿಂಗಳ ಒಳಗೆ ನಡೆಯಬಾರದ ಘಟನೆಗಳೆಂದು ನಮಗೆ ಹೊಳೆಯಲಿಲ್ಲ. ಸಾವಿಗೂ ತಿಳಿಯಲಿಲ್ಲ, ಕೂಸಿಗೂ ತಿಳಿಯಲಿಲ್ಲ. "ಅವರು ಹಾಕಿದ ಪ್ಲಾನು, ಹೋಗೋಣ" ಎಂದು ಅತ್ತೆಯೇ ಹೇಳಿದ್ದರಿಂದ ನಾನು ತಮ್ಮ ಕಚೇರಿಗೆ ಬಂದೆ.

"ಹೆಸರು ಬದಲಾಯಿಸೋಕೆ ಬುಕ್ ಮಾಡಿದವರೇ ಸಹಿ ಹಾಕ್ಬೇಕಮ್ಮ" ಎಂದರು ಮೂರನೇ ಕಿಟಕಿಯ ಗುಮಾಸ್ತರು.

"ಅವರೇ ತೀರಿಕೊಂಡಿದ್ದಾರೆ ಸರ್. ಮರಣ ಪ್ರಮಾಣಪತ್ರ ತಂದಿದ್ದೀನಿ."

"ಅದನ್ನೂ ಲಗತ್ತಿಸಿ. ಆದ್ರೆ ಸಹಿ ಅವರದ್ದೇ ಬೇಕು."

ನಾನು ಅಲುಗಾಡದೆ ನಿಂತದ್ದನ್ನು ನೋಡಿ ದನಿ ತಗ್ಗಿಸಿದರು. "ಸುಮ್ನೆ ಹೋಗಿ. ಗೇಟಲ್ಲಿ ಹೇಳಿದ್ರೆ ಬಿಡ್ತಾರೆ."

ಆ ಮಾತನ್ನು ನಂಬಿ ಏಳು ಗಂಟೆ ಪ್ರಯಾಣ ಮಾಡಿದೆವು. ಗೇಟಿನಲ್ಲಿ ಕಾವಲುಗಾರರೊಬ್ಬರು ನಮ್ಮನ್ನು ಎಣಿಸಿದರು. ಪಟ್ಟಿಯಲ್ಲಿ ಆರು, ಗಾಡಿಯಲ್ಲೂ ಆರು. ಅವರಿಗೂ ಖುಷಿ, ನಮಗೂ ಖುಷಿ. ಆಮೇಲೆ ಒಂದೊಂದೇ ಹೆಸರು ಕೂಗತೊಡಗಿದರು.

"ಈ ಮಗು ಪಟ್ಟಿಯಲ್ಲಿಲ್ವಲ್ಲ?"

"ಪಟ್ಟಿ ಮಾಡುವಾಗ ಇನ್ನೂ ಹುಟ್ಟಿರಲಿಲ್ಲ" ಎಂದಳು ಮಗಳು.

"ಹುಟ್ಟುತ್ತೆ ಅಂತ ಗೊತ್ತಿತ್ತಲ್ಲ, ಆಗ್ಲೇ ಬರೆಸ್ಬೇಕಿತ್ತು."

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂದು ಹಿರಿಯರು ಹೇಳುತ್ತಿದ್ದರು. ಅವರು ತಮ್ಮ ಇಲಾಖೆಯಲ್ಲಿ ಕೆಲಸ ಮಾಡಿರಲಿಕ್ಕಿಲ್ಲ.

"ಹೋಗ್ಲಿ, ಬುಕ್ ಮಾಡಿದ ಯಜಮಾನ್ರು ಎಲ್ಲಿ? ಅವರು ಬರದೆ ಯಾರನ್ನೂ ಬಿಡೋ ಹಾಗಿಲ್ಲ."

ಅತ್ತೆ ಗಾಡಿಯ ಕಿಟಕಿ ಇಳಿಸಿದರು. "ನಾನೇ ಹೋಗಿ ಕರ್ಕೊಂಡು ಬರ್ತೀನಪ್ಪ. ಆದ್ರೆ ನಾನು ವಾಪಸ್ ಬರೋದಕ್ಕೂ ನಿಮ್ಮ ಆಫೀಸಿಂದ ಒಂದು ಚೀಟಿ ಕೊಡಿಸು."

ಕಾವಲುಗಾರರು ಎರಡು ಸಲ ತಮ್ಮ ಕಚೇರಿಗೆ ಫೋನ್ ಮಾಡಿದರು. ಎರಡು ಸಲವೂ ಅಲ್ಲಿಂದ ಬಂದದ್ದು ನಿಯಮದ ಸಂಖ್ಯೆ.

ತಂತಿಬೇಲಿಯ ಹೊರಗೆ ಗಾಡಿ ನಿಲ್ಲಿಸಿ ಚಾಪೆ ಹಾಸಿದೆವು. ಅಲ್ಲಿಂದ ಹದಿನಾಲ್ಕನೇ ಜಾಗ ಚೆನ್ನಾಗಿ ಕಾಣುತ್ತಿತ್ತು. ಎರಡು ಮರ, ನಡುವೆ ಸಮತಟ್ಟಾದ ನೆಲ, ಆಚೆಗೆ ನೀರು. ಸಂಜೆಯವರೆಗೂ ಅಲ್ಲಿಗೆ ಯಾರೂ ಬರಲಿಲ್ಲ. ಸತ್ತವರ ಹಕ್ಕನ್ನು ಇಷ್ಟು ನಿಷ್ಠೆಯಿಂದ ಕಾಯುವ ಕಚೇರಿ ಬೇರೆಲ್ಲಿದೆ, ಹೇಳಿ? ನನ್ನ ಗಂಡ ಟೆಂಟಿನ ಹಗ್ಗವನ್ನು ಬಿಚ್ಚುವುದು, ಸುತ್ತುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದರು. ಅವರು ಅಪ್ಪನಿಗಾಗಿ ಅಳುವುದನ್ನು ನಾನು ನೋಡಿರಲಿಲ್ಲ. ಆ ಬೇಲಿಯ ಪಕ್ಕದಲ್ಲಿ ನೋಡಿದೆ.

ಪಾಳಿ ಮುಗಿದ ಮೇಲೆ ಆ ಕಾವಲುಗಾರರು ಬಂದರು. ಕೈಯಲ್ಲಿ ಒಂದು ಬಕೆಟ್ ತುಂಬ ಸರೋವರದ ನೀರು.

"ಅಮ್ಮ, ನಿಮ್ಮನ್ನ ಒಳಗೆ ಬಿಡೋ ಹಾಗಿಲ್ಲ. ನೀರನ್ನ ಹೊರಗೆ ತರಬಾರದು ಅಂತ ಎಲ್ಲೂ ಬರೆದಿಲ್ಲ."

ಅತ್ತೆ ಅದರಲ್ಲಿ ಕಾಲಿಟ್ಟು ಕುಳಿತರು, ಮೊಮ್ಮಗಳ ಮಗುವಿನ ಪಾದವನ್ನೂ ಅದ್ದಿದರು. ಆಮೇಲೆ "ತಣ್ಣಗಿದೆ" ಎಂದರು, ಅಷ್ಟೇ. ಆ ಕಾವಲುಗಾರರು ಯಾರೆಂದು ಪತ್ತೆ ಹಚ್ಚಲು ತಾವು ಸಮಿತಿ ರಚಿಸುವುದು ಬೇಡ. ಅವರ ಹೆಸರನ್ನು ನಾವು ಬೇಕೆಂದೇ ಕೇಳಿಲ್ಲ.

ಇಷ್ಟರ ಮೇಲೆ ತಮ್ಮ ಪತ್ರ ಬಂತು. ಅದನ್ನು ಹರಿದು ಹಾಕಲು ಹೊರಟೆ, ಅತ್ತೆ ಬಿಡಲಿಲ್ಲ. ಕನ್ನಡಕ ಹಾಕಿಕೊಂಡು ಮೇಲಿನ ವಿಳಾಸವನ್ನಷ್ಟೇ ಮೂರು ಸಲ ಓದಿದರು. "ಅವರ ಹೆಸರಿಗೆ ಕಾಗದ ಬಂದು ಎಷ್ಟು ದಿನ ಆಗಿತ್ತು" ಎಂದು ಅದನ್ನು ಮಡಿಸಿ ದಿಂಬಿನ ಕೆಳಗಿಟ್ಟರು. ತಮ್ಮ ಕಚೇರಿ ನಮಗೆ ಮಾಡಿದ ಒಂದೇ ಉಪಕಾರ ಅದು. ತಿಳಿದು ಮಾಡಿದ್ದಲ್ಲ ಎಂಬುದರಲ್ಲಿ ಸಂಶಯವಿಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ಬುಕ್ ಮಾಡಿದವರು ಸತ್ತರೆ ಉಳಿದವರ ಸಹಿ ನಡೆಯಲಿ. ನಡುವೆ ಹುಟ್ಟಿದ ಮಗುವಿಗೆ ಒಳಗೆ ಬರಲು ಅವಕಾಶವಿರಲಿ. ಇದಕ್ಕೆ ಎರಡು ಸಾಲಿನ ತಿದ್ದುಪಡಿ ಸಾಕು. ಚಳಿ ಹಿಡಿಯುವ ಮುಂಚೆ ಒಂದು ಹಗಲು ಹದಿನಾಲ್ಕನೇ ಜಾಗವನ್ನು ನಮ್ಮ ಅತ್ತೆಗೆ ಕೊಡಿ. ಅವರ ಮಂಡಿ ಹನ್ನೊಂದು ತಿಂಗಳು ಕಾಯುತ್ತದೆಂದು ಯಾವ ವೈದ್ಯರೂ ಬರೆದುಕೊಟ್ಟಿಲ್ಲ. ಉತ್ತರವನ್ನು ದಯವಿಟ್ಟು ಅತ್ತೆಯ ಹೆಸರಿಗೇ ಬರೆಯಿರಿ. ಅವರು ಬದುಕಿದ್ದಾರೆ.

ಇಂತಿ,
ಹೆಸರಿದ್ದೂ ಬೇಲಿಯಾಚೆ ಕುಳಿತು ಬಂದ
ಒಬ್ಬ ಸೊಸೆ